ಮೇಜಿನ ಮೇಲೆ ದೊಡ್ಡಜಾಲ: ಸಣ್ಣ ಗೇಜಿನ ಸ್ಟೇಷನ್ ಕಟ್ಟಿದ ಬಗೆ

ದೊಡ್ಡಜಾಲದ ಹಳೇ ರೈಲ್ವೆ ಸ್ಟೇಷನ್ ನೋಡಿದವರು ಹೆಚ್ಚಾಗಿ ಹೇಳುವ ಮಾತು ಒಂದೇ: "ಇಷ್ಟು ಸಣ್ಣದಾ?" ಯಲಹಂಕದಿಂದ ದೇವನಹಳ್ಳಿ ಕಡೆ ಹೋಗುವಾಗ ಬೆಟ್ಟಹಲಸೂರು ದಾಟಿದ ಮೇಲೆ ಇದು ಸಿಗುತ್ತದೆ. ಕಲ್ಲಿನ ಗೋಡೆ, ಹೆಂಚಿನ ಮಾಡು, ಒಂದು ಟಿಕೆಟ್ ಕಿಂಡಿ. ಈಗಿನ ರೈಲು ಪಕ್ಕಕ್ಕೆ ಬಂದು ನಿಂತರೆ ಇದು ಸ್ಟೇಷನ್ ಅಂತ ಅನ್ನಿಸುವುದೇ ಇಲ್ಲ. ಯಾರೋ ಕಟ್ಟಿ ಬಿಟ್ಟುಹೋದ ತೋಟದ ಮನೆಯಂತೆ ಕಾಣುತ್ತದೆ.

ಈ ಕಟ್ಟಡ ಎದ್ದಿದ್ದು ಬೇರೆ ರೈಲಿಗೆ. 1915ರಲ್ಲಿ ಯಶವಂತಪುರದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋದದ್ದು ಎರಡೂವರೆ ಅಡಿ ಗೇಜಿನ ಸಣ್ಣ ರೈಲು. ಹಳಿಗಳ ನಡುವೆ 762 ಮಿಲಿಮೀಟರ್. ಈಗಿರುವ ಬ್ರಾಡ್‌ಗೇಜ್ 1676. ಅಂದರೆ ಅದರ ಅರ್ಧಕ್ಕಿಂತ ಕಡಿಮೆ. ಆ ರೈಲನ್ನು ತೆಗೆದುಬಿಟ್ಟು ಕಟ್ಟಡ ಮಾತ್ರ ನೋಡಿದರೆ ಅಳತೆ ಅರ್ಥವಾಗುವುದಿಲ್ಲ. ರೈಲನ್ನು ಮತ್ತೆ ಪಕ್ಕಕ್ಕೆ ತಂದು ನಿಲ್ಲಿಸಿದರೆ ಹೇಗಿರುತ್ತದೆ? ಊರಲ್ಲಿ ಸಾಧ್ಯವಿಲ್ಲ. ಮೇಜಿನ ಮೇಲೆ ಸಾಧ್ಯ. ಅದಕ್ಕೇ ಈ ಮಾದರಿ.

ಯಾವ ವರ್ಷದ ದೊಡ್ಡಜಾಲ?

ಸ್ಟೇಷನ್ ಮಾದರಿ ಮಾಡುವವರಿಗೆ ಮೊದಲ ತಲೆನೋವು ಇದು. ದೊಡ್ಡಜಾಲಕ್ಕೆ ಕನಿಷ್ಠ ಮೂರು ರೂಪ ಇವೆ. ಸಣ್ಣ ರೈಲು ಓಡುತ್ತಿದ್ದಾಗಿನದ್ದು ಒಂದು. ಹೆಂಚು ಬಿದ್ದು, ಗೋಡೆಯಲ್ಲಿ ಗಿಡ ಬೆಳೆದು ಪಾಳು ಬಿದ್ದಾಗಿನದ್ದು ಇನ್ನೊಂದು. ಇತ್ತೀಚಿನ ವರ್ಷಗಳಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ರಿಪೇರಿ ಮಾಡಿಸಿದ ಮೇಲಿನದ್ದು ಮೂರನೆಯದು. ಈ ಸಾಲಿನಲ್ಲಿ ದೊಡ್ಡಜಾಲದ ಜೊತೆಗೆ ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಕಟ್ಟಡಗಳನ್ನೂ ಅವರು ಕೈಗೆತ್ತಿಕೊಂಡಿದ್ದಾರೆ.

ಹವ್ಯಾಸಿಗಳಲ್ಲಿ ಬಹಳ ಜನ ಪಾಳು ಕಟ್ಟಡವನ್ನೇ ಆರಿಸುತ್ತಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನೋಡಿದವರು ಅಯ್ಯೋ ಅನ್ನುತ್ತಾರೆ. ನನ್ನ ಪ್ರಕಾರ ಅದು ಸುಲಭದ ದಾರಿ. ಮಾಡು ವಕ್ರವಾದರೆ "ಕುಸಿದಿದೆ" ಅಂದರಾಯಿತು, ಬಣ್ಣ ಕೆಟ್ಟರೆ "ಪಾಚಿ" ಅಂದರಾಯಿತು. ಓಡುತ್ತಿರುವ ಸ್ಟೇಷನ್ ಮಾಡುವಾಗ ಆ ನೆಪ ನಡೆಯುವುದಿಲ್ಲ. ಕಿಂಡಿ ಕಿಂಡಿಯಂತೆ ಇರಬೇಕು, ಬಾಗಿಲು ತೆರೆಯುವಂತೆ ಕಾಣಬೇಕು.

ಹಾಗಾಗಿ ಸಣ್ಣ ಗೇಜಿನ ಕೊನೆಯ ದಶಕಗಳನ್ನು ಆರಿಸಿದೆ. ಸ್ವಾತಂತ್ರ್ಯ ಬಂದ ಮೇಲೆ, ಹಳದಿ ಬೋರ್ಡಿನ ಕಾಲ. 1950ರಲ್ಲಿ ಮೈಸೂರು ಸ್ಟೇಟ್ ರೈಲ್ವೆ ಭಾರತೀಯ ರೈಲ್ವೆಗೆ ಸೇರಿತು. 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು. ಅಲ್ಲಿಂದ 1990ರ ದಶಕದ ಗೇಜ್ ಬದಲಾವಣೆವರೆಗೆ ಯಾವ ದಿನ ಬೇಕಾದರೂ ಅಂದುಕೊಳ್ಳಿ.

ಸ್ಕೇಲು

ಅಂಗಡಿಯಲ್ಲಿ ಸಿಗುವ ಹಳಿಯನ್ನೇ ಬಳಸಬೇಕು ಅಂತಿದ್ದರೆ 762 ಮಿ.ಮೀ. ಗೇಜಿಗೆ ಎರಡು ಒಳ್ಳೆಯ ಹೊಂದಾಣಿಕೆ ಇವೆ. 1:87ಕ್ಕೆ, ಅಂದರೆ ನಿಜದ 87ನೇ ಒಂದು ಪಾಲಿಗೆ, ಇಳಿಸಿದರೆ 8.76 ಮಿ.ಮೀ. ಬರುತ್ತದೆ. ಎನ್ ಗೇಜ್ ಅಂತ ಮಾರುವ 9 ಮಿ.ಮೀ. ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ. 1:48ಕ್ಕೆ ಇಳಿಸಿದರೆ 15.9. ಎಲ್ಲ ಕಡೆ ಸಿಗುವ, ಎಚ್‌ಒ ಅನ್ನುವ ಮಾದರಿ ರೈಲಿನ ಹಳಿ 16.5. ಇದೂ ಸರಿ.

ಎರಡರಲ್ಲಿ ಯಾವುದು ಅಂತ ತೀರ್ಮಾನಿಸಿದ್ದು ಹೆಂಚು. ಮಂಗಳೂರು ಹೆಂಚು ಸುಮಾರು 41 ಸೆಂ.ಮೀ. ಉದ್ದ. 1:87ರಲ್ಲಿ ಅದು 5 ಮಿ.ಮೀ.ಗೂ ಕಡಿಮೆ. ಅದರೊಳಗೆ ಎರಡು ಗೀರು ಹಾಕಲು ನನ್ನ ಕಣ್ಣು ಒಪ್ಪಲಿಲ್ಲ. 1:48ರಲ್ಲಿ ಎಂಟೂವರೆ ಮಿ.ಮೀ. ಆಗುತ್ತದೆ. ಕನ್ನಡಕ ಹಾಕಿಕೊಂಡರೆ ಮಾಡಬಹುದು.

ಅಡಿಪಾಯಕ್ಕೆ 12 ಮಿ.ಮೀ. ಪ್ಲೈವುಡ್, ಎರಡಡಿ ಉದ್ದ, ಒಂದಡಿ ಅಗಲ. ನಿಜದಲ್ಲಿ ಅದು 96 ಅಡಿ ಉದ್ದದ ಜಾಗ. ಕಟ್ಟಡ, ಅದರ ಮುಂದಿನ ನೆಲ, ಒಂದು ಹಳಿ, ಒಂದು ಮರ. ಅಷ್ಟು ಸಾಕು.

ಅಳತೆ ತೆಗೆದದ್ದು

ಹಳೇ ಕಟ್ಟಡ ಅಳೆಯಲು ಟೇಪು ಬೇಕು ಅಂತೇನಿಲ್ಲ, ಹೆಂಚೇ ಟೇಪು. ಮಂಗಳೂರು ಹೆಂಚು ಕೂರುವುದು ರೀಪಿನ ಮೇಲೆ. ಒಂದು ರೀಪಿನಿಂದ ಇನ್ನೊಂದಕ್ಕೆ ಸುಮಾರು 32 ಸೆಂ.ಮೀ. ಇರುತ್ತದೆ. ಹೆಂಚಿನ ಉಳಿದ ಭಾಗ ಮೇಲಿನ ಸಾಲಿನ ಅಡಿಗೆ ಹೋಗುತ್ತದೆ. ಹಾಗಾಗಿ ಫೋಟೋದಲ್ಲಿ ಸಾಲು ಎಣಿಸಿದರೆ ಮಾಡಿನ ಇಳಿಜಾರು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಅಡ್ಡಲಾಗಿ ಎಣಿಸಿದರೆ ಕಟ್ಟಡದ ಉದ್ದ ಸಿಗುತ್ತದೆ. ಗೋಡೆಗೆ ಒಂದು ಮೀಟರಿನ ಕೋಲು ಆನಿಸಿ ನೇರವಾಗಿ ಎದುರಿನಿಂದ ಒಂದು ಫೋಟೋ ತೆಗೆದರೆ ಬಾಗಿಲು, ಕಿಟಕಿ, ಕಲ್ಲಿನ ವರಸೆ ಎಲ್ಲವನ್ನೂ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. ಎರಡು ಲೆಕ್ಕವೂ ತಾಳೆಯಾದರೆ ಅಳತೆ ಸರಿಯಿದೆ ಎಂದರ್ಥ.

ಇದು ಓಡುವ ಲೈನು ಅನ್ನುವುದು ನೆನಪಿರಲಿ. ಒಳ್ಳೆಯ ಫೋಟೋ ಬೇಕು ಅಂತ ಹಳಿ ಮೇಲೆ ನಿಲ್ಲಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮೊದಲು, ರೈಲು ಬರುವ ಸದ್ದು ನೀವು ಅಂದುಕೊಂಡಷ್ಟು ಮುಂಚೆ ಕೇಳಿಸುವುದಿಲ್ಲ.

ಗೋಡೆ

ಕಲ್ಲಿನ ಗೋಡೆಗೆ ಒಂದೂವರೆ ಅಡಿ ದಪ್ಪ ಸಾಮಾನ್ಯ. 1:48ರಲ್ಲಿ ಒಂಬತ್ತೂವರೆ ಮಿ.ಮೀ. ಆದ್ದರಿಂದ ಸನ್‌ಬೋರ್ಡ್ ಅನ್ನುವ 5 ಮಿ.ಮೀ. ಹಗುರ ಫೋಮ್ ಹಾಳೆಯನ್ನು ಎರಡು ಪದರ ಅಂಟಿಸಿದೆ. ಒಂದೇ ಪದರ ಹಾಕಿದವರ ಮಾದರಿಯಲ್ಲಿ ಕಿಟಕಿ ಗೋಡೆಗೆ ಸ್ಟಿಕ್ಕರ್ ಹಚ್ಚಿದಂತೆ ಕಾಣುತ್ತದೆ. ಕಲ್ಲಿನ ಕಟ್ಟಡದ ಗತ್ತು ಇರುವುದೇ ಆ ಕಿಟಕಿಯ ಆಳದಲ್ಲಿ.

ಕಲ್ಲಿಗೆ ವಾಲ್ ಪುಟ್ಟಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಒಂದು ತುಂಡಿನ ಮೇಲೆ ಹಚ್ಚಿ ನೋಡಿದೆ. ಬೇಗ ಗಟ್ಟಿಯಾಗುತ್ತದೆ, ಗೀರುವಾಗ ಅಂಚು ಪುಡಿಯಾಗುತ್ತದೆ. ಪುಟ್ಟಿಗೆ ಸ್ವಲ್ಪ ಫೆವಿಕಾಲ್, ಸ್ವಲ್ಪ ನೀರು ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿಕೊಳ್ಳಬೇಕು. ಸನ್‌ಬೋರ್ಡ್ ನುಣುಪು, ಅದನ್ನು ಮೊದಲು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿಕೊಳ್ಳಿ. ಇಲ್ಲದಿದ್ದರೆ ಒಣಗಿದ ಪುಟ್ಟಿ ಹಪ್ಪಳಿಕೆಯಾಗಿ ಏಳುತ್ತದೆ. ಒಂದೂವರೆ ಮಿ.ಮೀ. ದಪ್ಪಕ್ಕೆ ಹಚ್ಚಿ, ಬೆರಳು ಒತ್ತಿದರೆ ಗುರುತು ಮೂಡದಷ್ಟು ಆದ ಮೇಲೆ ದಬ್ಬಳದಿಂದ ಗೀರು ಹಾಕಬೇಕು.

ಗೀರುವುದರಲ್ಲಿ ಒಂದು ಕ್ರಮವಿದೆ. ಮೊದಲು ಮೂಲೆಗಲ್ಲು, ಆಮೇಲೆ ಬಾಗಿಲು ಕಿಟಕಿಯ ಸುತ್ತಿನ ಕಲ್ಲು, ಕೊನೆಗೆ ನಡುವಿನ ವರಸೆ. ಗಾರೆ ಕೆಲಸದವರು ಗೋಡೆ ಎಬ್ಬಿಸುವುದೂ ಹೀಗೇ. ಮೂಲೆ ಎತ್ತಿ, ದಾರ ಕಟ್ಟಿ, ನಡು ತುಂಬುತ್ತಾರೆ. ನಡುವಿನಿಂದ ಶುರು ಮಾಡಿದರೆ ಮೂಲೆಗೆ ಬರುವಷ್ಟರಲ್ಲಿ ಅರ್ಧ ಕಲ್ಲು, ಕಾಲು ಕಲ್ಲು ಉಳಿಯುತ್ತವೆ. ಅಂಥ ಗೋಡೆಯನ್ನು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ. ಗೀರಿದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲಿನ ಮುಖವನ್ನು ಕುಟ್ಟಿದರೆ ಉಳಿ ಏಟಿನ ಒರಟುತನ ಬರುತ್ತದೆ.

ಬಣ್ಣಕ್ಕೆ ಬೂದು ಒಂದೇ ಸಾಲದು. ನಮ್ಮ ಕಡೆ ಕಲ್ಲಿನಲ್ಲಿ ಬೂದಿ, ಕಪ್ಪು, ಸ್ವಲ್ಪ ಗುಲಾಬಿ ಎಲ್ಲ ಇರುತ್ತದೆ. ನಾಲ್ಕು ಬಗೆಯ ಬೂದು ಕಲಸಿಟ್ಟುಕೊಂಡು ಕಲ್ಲೊಂದಕ್ಕೆ ಒಂದರಂತೆ ಹಚ್ಚಿದೆ. ಸಂದಿಗೆ ಮಾಸಲು ಬಿಳಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೇ ಕಟ್ಟಡಗಳ ಸಂದಿಯಲ್ಲಿ ಇದ್ದದ್ದು ಸುಣ್ಣದ ಗಾರೆ. ರಿಪೇರಿ ಹೆಸರಲ್ಲಿ ಸಿಮೆಂಟ್ ಮೆತ್ತಿದ ಗೋಡೆಗಳನ್ನು ನೀವು ನೋಡಿರುತ್ತೀರಿ, ಕಲ್ಲಿಗಿಂತ ಉಬ್ಬಿದ ಕಡು ಬೂದು ಪಟ್ಟಿಗಳು. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಆಗ ನೀರು ಗೋಡೆಯೊಳಗೇ ಉಳಿದು ಒಳಗಿನ ಸುಣ್ಣವನ್ನು ಪುಡಿ ಮಾಡುತ್ತಾ ಹೋಗುತ್ತದೆ. ಹಳೇ ಕಟ್ಟಡದ ಕೆಲಸ ಬಲ್ಲವರು ಈಗಲೂ ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಸುಣ್ಣ ಅರೆಸುವುದು ಸುಮ್ನೆ ಅಲ್ಲ. ಮಾದರಿಯಲ್ಲಿ ಇದು ಬರೀ ಬಣ್ಣದ ವಿಷಯ. ಆದರೂ ಸಂದಿಗೆ ಕಡು ಬೂದು ಹಚ್ಚಿದರೆ ಕಾಲ ತಪ್ಪಿದಂತೆ.

ಮಾಡು

ಈ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಇದು. ಜಾಸ್ತಿ ಸಮಯ ತಿಂದದ್ದೂ ಇದೇ.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಕರಾವಳಿಯಿಂದ ಎಲ್ಲ ಕಡೆಗೂ ಹೋಯಿತು. ರೈಲ್ವೆಯವರಿಗಂತೂ ಹೇಳಿ ಮಾಡಿಸಿದ ವಸ್ತು. ಒಂದೇ ಅಳತೆ, ಒಂದಕ್ಕೊಂದು ಕೊಕ್ಕೆ ಹಾಕಿ ಕೂರುತ್ತದೆ, ಒಡೆದರೆ ಒಂದನ್ನು ಮಾತ್ರ ಬದಲಿಸಬಹುದು. ಊರ ಕುಂಬಾರರ ನಾಡಹೆಂಚಿಗಿಂತ ಕಡಿಮೆ ಹೆಂಚಿನಲ್ಲಿ, ಕಡಿಮೆ ಮರದಲ್ಲಿ ಮಾಡು ಮುಗಿಯುತ್ತಿತ್ತು.

ಮಾದರಿಗೆ ಅಲ್ಯೂಮಿನಿಯಂ ಹಾಳೆ. ಹೋಟೆಲಿನಿಂದ ಪಾರ್ಸೆಲ್ ಬರುವ ಡಬ್ಬಿಯ ತಳ ಇದಕ್ಕೆ ಸರಿಯಾದ ದಪ್ಪ. ಚಪ್ಪಟೆ ಮಾಡಿ, ಮೆತ್ತಗಿನ ರಬ್ಬರ್ ಹಾಸಿನ ಮೇಲಿಟ್ಟು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಗೀರು ಎಳೆಯಬೇಕು. ಒಂದು ಹೆಂಚು ಮುಚ್ಚುವ ಅಗಲ ನಾಲ್ಕೂವರೆ ಮಿ.ಮೀ. ಪ್ರತಿ ಹೆಂಚಿಗೆ ಎರಡು ಕಾಲುವೆ. ಗೀರು ಎಳೆಯಲು ಮೊದಲು ಅಚ್ಚು ಮಾಡಿಕೊಂಡೆ. ಗಟ್ಟಿ ರಟ್ಟಿನ ಮೇಲೆ ದಪ್ಪ ತಾಮ್ರದ ತಂತಿಗಳನ್ನು ಸಮ ಅಂತರದಲ್ಲಿ ಅಂಟಿಸಿದ್ದು. ಹಾಳೆಯನ್ನು ಅದರ ಮೇಲಿಟ್ಟು ತಂತಿಗಳ ನಡುವೆ ಪೆನ್ನು ಓಡಿಸಿದರೆ ಸಾಲು ನೇರವಾಗಿ ಬರುತ್ತದೆ. ಆಮೇಲೆ ಎಂಟೂವರೆ ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಕೆಳ ಅಂಚಿನಲ್ಲಿ ಹೆಂಚಿಗೊಂದರಂತೆ ಸಣ್ಣ ಸೀಳು ಕೊಟ್ಟೆ.

ಪಟ್ಟಿ ಅಂಟಿಸುವುದು ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು, 6.7 ಮಿ.ಮೀ. ಹೊರಗೆ ಕಾಣುವ ಹಾಗೆ. ಅದೇ 32 ಸೆಂ.ಮೀ. ರೀಪಿನ ಲೆಕ್ಕ. ಎಲ್ಲ ಸಾಲು ಮುಗಿದ ಮೇಲೆ ಸೂಜಿಯಿಂದ ಅಲ್ಲೊಂದು ಇಲ್ಲೊಂದು ಹೆಂಚಿನ ತುದಿಯನ್ನು ಕೂದಲೆಳೆಯಷ್ಟು ಎತ್ತಿದೆ. ಗಾಳಿಗೆ ಸರಿದ ಹೆಂಚು ಯಾವ ಮಾಡಿನಲ್ಲಿ ಇರುವುದಿಲ್ಲ ಹೇಳಿ. ನೆತ್ತಿಗೆ ಹಾಕುವ ಹೆಂಚನ್ನು ಕಾಗದವನ್ನು ಹೆಣಿಗೆ ಕಡ್ಡಿಗೆ ಸುತ್ತಿ, ಅಂಟು ಒಣಗಿದ ಮೇಲೆ ಉದ್ದಕ್ಕೆ ಸೀಳಿ ಮಾಡಿದ್ದು.

ಅಲ್ಯೂಮಿನಿಯಂ ಮೇಲೆ ನೇರ ಬಣ್ಣ ನಿಲ್ಲುವುದಿಲ್ಲ. ಸ್ಪ್ರೇ ಪ್ರೈಮರ್ ಬೇಕು. ಮೇಲೆ ಇಟ್ಟಿಗೆ ಕೆಂಪು, ನಡುನಡುವೆ ಒಂದೆರಡು ಹೊಸ ಹೆಂಚಿನ ಕಿತ್ತಳೆ. ಕೊನೆಗೆ ತೀರಾ ತೆಳುವಾದ ಕಪ್ಪು ಬಣ್ಣದ ನೀರನ್ನು ಬಿಟ್ಟರೆ ಕಾಲುವೆಗಳಲ್ಲಿ ನಿಂತು ಮಳೆಗಾಲ ಕಂಡ ಹೆಂಚಾಗುತ್ತದೆ. ಮರದ ಬದಿಗೆ ಇದ್ದ ಇಳಿಜಾರಿಗೆ ಸ್ವಲ್ಪ ಹಸಿರು ಸೇರಿಸಿದೆ. ಬಿಸಿಲು ಬೀಳುವ ಕಡೆ ಪಾಚಿ ಬಳಿಯಬೇಡಿ, ಬೆಂಗಳೂರು ಕಡೆಯ ಬಿಸಿಲಿಗೆ ಅದು ಉಳಿಯುವುದಿಲ್ಲ.

ಹಳಿ, ಮತ್ತು ಆ ಹಳಿ ಅಲ್ಲಿಗೆ ಬಂದ ಕಥೆ

ಎಚ್‌ಒ ಹಳಿಯ ಗೇಜು ಸರಿಯಿದ್ದರೂ ಅದರ ಪ್ಲಾಸ್ಟಿಕ್ ಸ್ಲೀಪರ್ (ಹಳಿಯ ಅಡಿಯ ಅಡ್ಡಪಟ್ಟಿ) ಆಗುವುದಿಲ್ಲ. ಉದ್ದ ಪರವಾಗಿಲ್ಲ. ಐದಡಿ ಸ್ಲೀಪರ್ 1:48ರಲ್ಲಿ 32 ಮಿ.ಮೀ. ಹತ್ತಿರ ಬರುತ್ತದೆ, ಎಚ್‌ಒ ಸ್ಲೀಪರ್ 30. ಆದರೆ ಅವು ತೀರಾ ಸಣಕಲು, ತೀರಾ ಒತ್ತೊತ್ತು. ಆದ್ದರಿಂದ ಹಳಿಯನ್ನು ಪ್ಲಾಸ್ಟಿಕ್ಕಿನಿಂದ ಎಳೆದು ಹೊರತೆಗೆದು, ಬಾಲ್ಸಾ ಮರದ ಪಟ್ಟಿಗಳ ಮೇಲೆ ಫೆವಿಕ್ವಿಕ್ ಹಾಕಿ ಕೂರಿಸಿದೆ. ಎರಡು ಹಳಿಯ ಅಂತರ ತಪ್ಪದಂತೆ ಒಂದು ಜೊತೆ ಚಕ್ರವನ್ನು ಪ್ರತಿ ಸ್ಲೀಪರಿಗೂ ಉರುಳಿಸಿ ನೋಡಬೇಕು. ಹಳಿ ಕೋಡ್ 70. ಕೋಡ್ ಅಂದರೆ ಹಳಿಯ ಎತ್ತರ, ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ. ಎತ್ತರ 1.78 ಮಿ.ಮೀ. 48ರಿಂದ ಗುಣಿಸಿದರೆ 85 ಮಿ.ಮೀ. ಹಗುರ ರೈಲ್ವೆಗೆ ಒಪ್ಪುವ ಹಳಿ. ಕೋಡ್ 100 ಬಳಸಿದರೆ ಸಣ್ಣ ರೈಲಿನ ಅಡಿಗೆ ಮೇನ್‌ಲೈನ್ ಹಾಸಿದಂತಾಗುತ್ತದೆ.

ಬಾಲ್ಸಾ ಬೆಳ್ಳಗಿರುತ್ತದೆ. ಗಟ್ಟಿ ಟೀ ಡಿಕಾಕ್ಷನ್ ಹಚ್ಚಿ ಒಣಗಿಸಿ, ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿದ ನೀರನ್ನು ಮೇಲೆ ಹಚ್ಚಿದರೆ ಕಣ್ಣೆದುರೇ ಬೂದಿಗಪ್ಪಾಗುತ್ತದೆ. ಟೀಯ ಒಗರು ಮತ್ತು ಕಬ್ಬಿಣ ಸೇರಿ ಆಗುವ ಬದಲಾವಣೆ. ಡಬ್ಬಿ ಬಣ್ಣಕ್ಕಿಂತ ಚೆನ್ನ, ಕಾಸೂ ಉಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಲ್ಲದ, ತುಕ್ಕು ಹಿಡಿಯುವ ನಾರೇ ಬೇಕು.

ಇಷ್ಟು ಸಣ್ಣ ಗೇಜು ಯಾಕೆ? ದುಡ್ಡು. ಸಣ್ಣ ಗೇಜಿಗೆ ಹಗುರ ಹಳಿ ಸಾಕು, ಕಡಿಮೆ ಜಮೀನು ಸಾಕು, ಗುಡ್ಡ ಬಂದರೆ ಕೊರೆಯದೆ ಬಳಸಿ ಹೋಗಬಹುದು. ಎವರಾರ್ಡ್ ಕಾಲ್ತ್ರಾಪ್ ಅನ್ನುವ ಎಂಜಿನಿಯರ್ 1897ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಎರಡೂವರೆ ಅಡಿ ಗೇಜಿನ ರೈಲು ಓಡಿಸಿ, ಇಂಥ ಸಣ್ಣ ಹಳಿಯಲ್ಲೂ ಸಾಕಷ್ಟು ಸರಕು ಸಾಗಿಸಬಹುದು ಅಂತ ತೋರಿಸಿದ್ದ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಇದೇ ಗೇಜಿನ ರೈಲು ಬಂತು. ಬೌರಿಂಗ್‌ಪೇಟೆ ಅಂದರೆ ಈಗಿನ ಬಂಗಾರಪೇಟೆ. ಎರಡು ವರ್ಷಕ್ಕೆ ನಮ್ಮ ದೊಡ್ಡಜಾಲದ ಲೈನು. ಆಗ ದಿವಾನರು ವಿಶ್ವೇಶ್ವರಯ್ಯನವರು. ಅದನ್ನು ಹಾಕಿದ್ದು ಬೆಂಗಳೂರು ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅನ್ನುವ ಕಂಪನಿ. ಆಮೇಲೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಎರಡು ತುದಿಗಳೂ ಕೂಡಿಕೊಂಡವು.

ಗೇಜು ಅಗ್ಗವಾದರೂ ಅದರ ಸಾಲ ಬೇರೆ ಕಡೆ ತೀರಿಸಬೇಕಿತ್ತು. ದೊಡ್ಡ ಗೇಜಿನ ರೈಲು ಸಿಗುವ ಜಾಗದಲ್ಲಿ ಪ್ರತಿ ಮೂಟೆಯನ್ನೂ ಇಳಿಸಿ ಇನ್ನೊಂದು ವ್ಯಾಗನ್ನಿಗೆ ಹೊರಬೇಕು. ತರಕಾರಿ, ಹಣ್ಣು ಬೆಳೆಯುವ ಸೀಮೆಗೆ ಇದು ದೊಡ್ಡ ನಷ್ಟ. ಪಕ್ಕದಲ್ಲೇ ಬಳ್ಳಾರಿ ರಸ್ತೆ. ಲಾರಿ ತೋಟದ ಬಾಗಿಲಿಗೆ ಬಂದು ನೇರ ಮಾರ್ಕೆಟ್ಟಿಗೆ ಹೋಗುತ್ತದೆ. ಸ್ಟೇಷನ್‌ಗಳು ಬಡವಾದದ್ದು ಹೀಗೆ. 1990ರ ದಶಕದಲ್ಲಿ ಹಳಿ ಅಗಲವಾಯಿತು, ಆದರೆ ಹಳೇ ಕಟ್ಟಡಕ್ಕೆ ಕೆಲಸ ಉಳಿಯಲಿಲ್ಲ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗ ಬ್ರಾಡ್‌ಗೇಜ್ ಆಗಿ ತೆರೆದದ್ದು 2013ಕ್ಕೆ. ಇದರ ನಡುವೆ 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಬಂತು. ವಿಮಾನ ನಿಲ್ದಾಣಕ್ಕೆ ಅಂತ ಒಂದು ರೈಲ್ವೆ ಹಾಲ್ಟ್ ಶುರುವಾದದ್ದು 2021ರ ಜನವರಿಯಲ್ಲಿ, ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ.

ಜಲ್ಲಿಗೆ ಎಂ-ಸ್ಯಾಂಡ್. ಐದು ಸೆಂ.ಮೀ. ಜಲ್ಲಿ 1:48ರಲ್ಲಿ ಒಂದು ಮಿ.ಮೀ. ರವೆ ಜರಡಿಯಲ್ಲಿ ಇಳಿದು ಹಿಟ್ಟಿನ ಜರಡಿಯಲ್ಲಿ ಉಳಿಯುವ ಕಾಳು ಸರಿಹೋಗುತ್ತದೆ. ಇದಕ್ಕೆ ಬೇರೆ ಜರಡಿ ಇಟ್ಟುಕೊಳ್ಳಿ, ಅಡುಗೆಮನೆಯದ್ದನ್ನು ಮುಟ್ಟಬೇಡಿ. ಜಲ್ಲಿ ಹರಡಿ, ಫೆವಿಕಾಲಿಗೆ ಮೂರು ಪಾಲು ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ ಸಿರಿಂಜಿನಿಂದ ಬಿಡಬೇಕು. ಸೋಪು ಹಾಕದಿದ್ದರೆ ಅಂಟು ಗುಂಡು ಗುಂಡಾಗಿ ಮೇಲೇ ನಿಲ್ಲುತ್ತದೆ, ಕಾಳುಗಳ ನಡುವೆ ಇಳಿಯುವುದಿಲ್ಲ.

ನೆಲಕ್ಕೆ ಆ ಕಡೆಯದೇ ಕೆಮ್ಮಣ್ಣು. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಹಳೇ ಹಂಚಿನ ಮೇಲೆ ಹುರಿದುಕೊಂಡರೆ ಬೂಷ್ಟು ಬರುವುದಿಲ್ಲ. ಪ್ಲಾಟ್‌ಫಾರ್ಮ್ ಅಂತ ಎತ್ತರದ ಕಟ್ಟೆ ಮಾಡಿಲ್ಲ. ಸಣ್ಣ ಗೇಜಿನ ಬೋಗಿಯ ನೆಲ ತಗ್ಗು, ಮೆಟ್ಟಿಲು ಹತ್ತಿದರೆ ಸಾಕು. ಬ್ರಾಡ್‌ಗೇಜಿನ ಎತ್ತರದ ಪ್ಲಾಟ್‌ಫಾರ್ಮ್ ಹಳಿಯಿಂದ 760ರಿಂದ 840 ಮಿ.ಮೀ. ಎದ್ದಿರುತ್ತದೆ. ಹಳೇ ಕಟ್ಟಡದ ಮುಂದೆ ಅಂಥದ್ದನ್ನು ಕಟ್ಟಿದರೆ ಬಾಗಿಲು ಹಳ್ಳಕ್ಕೆ ಇಳಿದಂತಾಗುತ್ತದೆ.

ಸಣ್ಣಪುಟ್ಟ ಸಾಮಾನು

ಚಿಕ್ಕಮ್ಮ ಮದುವೆಗೆ ಮುಂಚೆ ದೇವನಹಳ್ಳಿಯಲ್ಲಿದ್ದವರು, ಆ ರೈಲಿನಲ್ಲಿ ಓಡಾಡಿದವರು. ಅರ್ಧ ಆದ ಮಾದರಿ ನೋಡಲು ಬಂದರು.

"ಎಲ್ಲಾ ಚೆನ್ನಾಗಿದೆ ಕಣೋ, ಚಕ್ಕೋತ ಎಲ್ಲಿ?" ಅಂದರು.

"ಯಾವ ಚಕ್ಕೋತ ಚಿಕ್ಕಮ್ಮ?"

"ನಮ್ಮೂರಿಂದ ರೈಲು ಹತ್ತಿದ್ರೆ ಬುಟ್ಟಿ ಇಲ್ದೆ ಯಾರಾದ್ರೂ ಇರ್ತಿದ್ರಾ? ಕೂರೋಕೆ ಜಾಗ ಇಲ್ದಂಗೆ ಇಟ್ಟಿರೋರು."

ದೇವನಹಳ್ಳಿ ಚಕ್ಕೋತಕ್ಕೆ ಈಗ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಅದನ್ನು ಬಿಡುವ ಹಾಗಿಲ್ಲ. ಒಂದು ಒಳ್ಳೆ ಚಕ್ಕೋತ ಹದಿನೈದು ಸೆಂ.ಮೀ. ಅಂತಿಟ್ಟುಕೊಂಡರೆ 1:48ರಲ್ಲಿ 3 ಮಿ.ಮೀ. ಸಬ್ಬಕ್ಕಿ ಸರಿಯಾಗಿ ಅಷ್ಟೇ ಇರುತ್ತದೆ. ನೀರಿನ ಬಣ್ಣ ಹಚ್ಚಿದರೆ ಸಬ್ಬಕ್ಕಿ ಉಬ್ಬಿ ಅಂಟಾಗುತ್ತದೆ. ಎನಾಮೆಲ್ ಬಣ್ಣ ಅಥವಾ ಉಗುರು ಬಣ್ಣ ಬೇಕು. ಹಳದಿ ಮಿಶ್ರಿತ ಹಸಿರು ಸಿಗುವವರೆಗೆ ಎರಡು ಬಾಟಲಿ ಬೆರೆಸಿದೆ. ಬುಟ್ಟಿಗೆ ಗೋಣಿ ದಾರವನ್ನು ಪೆನ್ನಿನ ಕ್ಯಾಪಿನ ಸುತ್ತ ಸುತ್ತಿ ಅಂಟು ಹಚ್ಚಿದ್ದು.

ರೈಲು ಎಷ್ಟು ನಿಧಾನ ಅಂದರೆ ಇಳಿದು ಹುಣಸೆಹಣ್ಣು ಆರಿಸಿಕೊಂಡು ಮತ್ತೆ ಹತ್ತಬಹುದಿತ್ತು ಅಂತಲೂ ಚಿಕ್ಕಮ್ಮ ಹೇಳಿದರು. ಈ ಕಥೆಯನ್ನು ನಾಡಿನ ಎಲ್ಲ ಸಣ್ಣ ರೈಲಿನ ಬಗ್ಗೆಯೂ ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹುಣಸೆ ಮರವನ್ನಂತೂ ಇಟ್ಟೆ. ಒಣಗಿದ ತುಳಸಿ ಗಿಡದ ಕಾಂಡಕ್ಕೆ ಕವಲು ಚೆನ್ನಾಗಿರುತ್ತದೆ, ಆದರೆ ಅದನ್ನು ಆಟದ ಸಾಮಾನಿಗೆ ಕೊಡಲು ಮನೆಯಲ್ಲಿ ಒಪ್ಪಲಿಲ್ಲ. ಕೊನೆಗೆ ಹೊಲದ ತೊಗರಿ ಕಡ್ಡಿ ಕೈ ಹಿಡಿಯಿತು. ಎಲೆಗೆ ಸ್ಪಾಂಜನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಹಸಿರು ಬಣ್ಣದಲ್ಲಿ ಕಲಸಿದ್ದು.

ಗಂಟೆಗೆ ಹಳಿಯ ತುಂಡು. ನಮ್ಮ ಕಡೆ ಹಳೇ ಸ್ಟೇಷನ್‌ಗಳಲ್ಲಿ ಗಂಟೆ ಅಂದರೆ ಜಂತಿಗೆ ನೇತು ಹಾಕಿದ ಒಂದು ತುಂಡು ಹಳಿ, ಬಡಿಯಲು ಒಂದು ಕಬ್ಬಿಣದ ಸರಳು. ಕೋಡ್ 70 ಹಳಿಯಲ್ಲಿ ಉಳಿದ ತುಂಡನ್ನು 12 ಮಿ.ಮೀ.ಗೆ ಕತ್ತರಿಸಿ, ವಯರಿನ ಒಂದೆಳೆ ತಾಮ್ರದಿಂದ ಕಟ್ಟಿದೆ.

ಟಿಕೆಟ್ ಕಿಂಡಿಯ ಒಳಗೆ ರಟ್ಟಿನ ಟಿಕೆಟ್ ಜೋಡಿಸುವ ಗೂಡು ಇಡಬೇಕು ಅಂತ ಆಸೆ ಇತ್ತು. ಎಡ್ಮಂಡ್‌ಸನ್ ಟಿಕೆಟ್ ಅಂತ ಕರೆಯುವ ಆ ದಪ್ಪ ರಟ್ಟಿನ ಚೀಟಿ ಸುಮಾರು 57 ಮಿ.ಮೀ. ಉದ್ದ, 30 ಅಗಲ. 1:48ರಲ್ಲಿ ಅದು ಒಂದು ಸಾಸಿವೆ ಕಾಳಿಗಿಂತ ಕಡಿಮೆ. ಟಿಕೆಟ್ ಬಿಟ್ಟು ಗೂಡು ಮಾತ್ರ ಮಾಡಿದೆ. ಕಿಂಡಿಯಿಂದ ಇಣುಕಿದರೆ ಖಾನೆಗಳು ಕಾಣುತ್ತವೆ, ಅಷ್ಟೇ.

ಒಳಗೆ ಒಂದು ಎಲ್‌ಇಡಿ, ಹಳದಿ ಬೆಳಕಿನದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ 3 ಮಿ.ಮೀ. ಸೈಜು. 9 ವೋಲ್ಟ್ ಬ್ಯಾಟರಿಗೆ 1.2 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಸುಮಾರು 5 ಮಿಲಿ ಆಂಪಿಯರ್ ಹರಿಯುತ್ತದೆ. ಎಲ್‌ಇಡಿಗೆ ಅದು ಕಡಿಮೆಯೇ, ಆದರೆ ಸೀಮೆಎಣ್ಣೆ ದೀಪಕ್ಕೆ ಜಾಸ್ತಿ. ಟಿಶ್ಯೂ ಕಾಗದ ಸುತ್ತಿ ಮಂಕು ಮಾಡಬೇಕಾಯಿತು.

ಹೆಸರಿನ ಬೋರ್ಡು ಹಳದಿ, ಅಕ್ಷರ ಕಪ್ಪು. ಕನ್ನಡ, ಹಿಂದಿ, ಇಂಗ್ಲಿಷ್. ಕೈಯಲ್ಲಿ ಬರೆಯಲು ಹೋಗಬೇಡಿ, ಕಂಪ್ಯೂಟರಿನಲ್ಲಿ ಬರೆದು ಫೋಟೋ ಕಾಗದದ ಮೇಲೆ ಪ್ರಿಂಟ್ ತೆಗೆಸಿ. ಬೋರ್ಡಿನ ಕಂಬಕ್ಕೆ ಮಾತ್ರ ಹಳಿಯನ್ನೇ ಬಳಸಿದೆ. ರೈಲ್ವೆಯವರು ಸವೆದ ಹಳಿಯನ್ನು ಕಂಬ, ಬೇಲಿ, ಮಾಡಿನ ತೊಲೆ ಎಲ್ಲಕ್ಕೂ ಬಳಸುತ್ತಿದ್ದರು.

ಎರಡು ರಟ್ಟಿನ ಬೋಗಿ

ಇಷ್ಟೆಲ್ಲ ಆದ ಮೇಲೆ, ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಎರಡು ರಟ್ಟಿನ ಪೆಟ್ಟಿಗೆ ಮಾಡಿದೆ. ಚಕ್ರ ಇಲ್ಲ, ಬಣ್ಣ ಇಲ್ಲ, ಅಳತೆ ಮಾತ್ರ.

ಒಂದು ಈಗಿನ ಬ್ರಾಡ್‌ಗೇಜ್ ಬೋಗಿ, ಚೆನ್ನೈನ ಐಸಿಎಫ್ ಕಾರ್ಖಾನೆಯ ಮಾದರಿ. ನಿಜದಲ್ಲಿ 21.3 ಮೀಟರ್ ಉದ್ದ, 3.25 ಮೀಟರ್ ಅಗಲ. 1:48ರಲ್ಲಿ 44 ಸೆಂ.ಮೀ. ಉದ್ದ, 68 ಮಿ.ಮೀ. ಅಗಲ. ಎರಡಡಿ ಹಲಗೆಯ ಮುಕ್ಕಾಲು ಪಾಲನ್ನು ಇದೊಂದೇ ನುಂಗಿತು. ಕಟ್ಟಡದ ಮುಂದೆ ಇಟ್ಟರೆ ಎದುರಿನಿಂದ ನೋಡುವವರಿಗೆ ಕಾಣುವುದು ಮಾಡು ಮಾತ್ರ. ಬಾಗಿಲು ಮುಚ್ಚಿಹೋಗುತ್ತದೆ, ಕಿಂಡಿ ಮುಚ್ಚಿಹೋಗುತ್ತದೆ.

ಇನ್ನೊಂದು ಎರಡೂವರೆ ಅಡಿ ಗೇಜಿನ ಬೋಗಿ. ಅಗಲ ಏಳಡಿ ಆಸುಪಾಸು, ಎತ್ತರ ಹತ್ತಡಿ ಆಸುಪಾಸು. ಅಂದರೆ 44 ಮಿ.ಮೀ. ಅಗಲ, 63 ಮಿ.ಮೀ. ಎತ್ತರ. ಇದನ್ನು ಇಟ್ಟ ಕೂಡಲೇ ಲೆಕ್ಕ ತಿರುಗಿಬಿತ್ತು. ಬೋಗಿಯ ಬಾಗಿಲು ಮತ್ತು ಸ್ಟೇಷನ್ ಬಾಗಿಲು ಒಂದಕ್ಕೊಂದು ಒಪ್ಪಿದವು. ಸೂರಿನ ಅಂಚು ಬೋಗಿಯ ಮೇಲಕ್ಕೆ ಬಂತು. ಕಟ್ಟಡ ದೊಡ್ಡದಾಗಿ ಕಂಡಿತು, ಊರಿಗೊಂದು ಸ್ಟೇಷನ್ ಅನ್ನುವ ಠೀವಿ ಬಂತು. ಗೋಡೆಗೆ ಒಂದು ಗೀರನ್ನೂ ಸೇರಿಸಿಲ್ಲ ನೋಡಿ, ಬದಲಾದದ್ದು ಬರೀ ಪಕ್ಕದ ಪೆಟ್ಟಿಗೆ.

ಮನೆಗೆ ಬಂದವರಿಗೆಲ್ಲ ಈಗ ಇದನ್ನೇ ಮೊದಲು ತೋರಿಸುತ್ತೇನೆ. ಒಂದು ಪೆಟ್ಟಿಗೆ ಎತ್ತಿ ಇನ್ನೊಂದು ಇಡುವುದು. ಹೆಂಚು, ಗಂಟೆ, ಚಕ್ಕೋತ ಎಲ್ಲ ಆಮೇಲೆ.

ಧೂಳಿಗೆ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಲು ಕೊಟ್ಟಿದ್ದೇನೆ. ಸಬ್ಬಕ್ಕಿಗೆ ಇರುವೆ ಬರುತ್ತದೆಯೇ ಅನ್ನುವ ಅನುಮಾನ ಇದೆ, ಅದಕ್ಕೆ ಮೇಲೊಂದು ಕೋಟು ವಾರ್ನಿಷ್ ಹಚ್ಚಿದ್ದಾಯಿತು. ಸಣ್ಣ ಬೋಗಿಗೆ ಚಕ್ರ, ಕಿಟಕಿ ಕೂರಿಸುವ ಕೆಲಸ ಬಾಕಿ. ಹೆಂಚಿನ ಅಚ್ಚು ಗಟ್ಟಿಯಾಗಿಯೇ ಇದೆ. ಆವತಿಹಳ್ಳಿ ಕಟ್ಟಡದ ಫೋಟೋ ತೆರೆದು ಸಾಲು ಎಣಿಸಲು ಶುರು ಮಾಡಿದ್ದೇನೆ.